ರಜೆಯ ದಿನ ಭರಮವ್ವನ ಮನೆ ಕಟ್ಟದಿರುವ ಬಗ್ಗೆ

ಸ್ವಯಂಸೇವಾ ನಿಯಂತ್ರಣ ವಿಭಾಗ, ಬೆಳಗಾವಿ
ಸಂಖ್ಯೆ: ಸ್ವಸೇನಿ/ದೇಸೂರ/ಗೋಡೆ-ಮಾತ್ರ/೧೭

ಸುತ್ತೋಲೆ

ವಿಷಯ: ಅನುಮತಿಯಿಲ್ಲದೆ ಬಡವರಿಗೆ ಮನೆ ಕಟ್ಟುತ್ತಿರುವ ಸಿಬ್ಬಂದಿಯನ್ನು ತಡೆಗಟ್ಟುವ ಕುರಿತು.

ಉಲ್ಲೇಖ: (೧) ಪ್ರಧಾನ ಕಚೇರಿಯ ಮೌಖಿಕ ಸಿಟ್ಟು.
(೨) ಕೆಳಸಹಿದಾರರ ಸ್ಥಳ ಪರಿಶೀಲನೆ, ಅಂಗೈ ಬೊಬ್ಬೆಗಳ ಸಹಿತ.

ಪ್ರಸ್ತಾವನೆ:

ಕಂಪನಿಯ 'ನಮ್ಮ ಕೈ, ನಿಮ್ಮ ಮನೆ' ಕಾರ್ಯಕ್ರಮದಡಿ, ದೇಸೂರಿನಲ್ಲಿ ಕುರಿ ಸಾಕಿ ಬದುಕುವ ಭರಮವ್ವ ಎಂಬುವರಿಗೆ ಸಿಬ್ಬಂದಿಯ ಶ್ರಮದಾನದಿಂದ ಮನೆ ಕಟ್ಟಿಕೊಡಲು ತೀರ್ಮಾನಿಸಿ, ಬೇಸಿಗೆಯ ಆರಂಭದಲ್ಲಿ ಆಕೆಯ ಹಳೆಯ ಮನೆಯನ್ನು ಕೆಡವಲಾಗಿತ್ತು. ಹೊಸ ಗೋಡೆ ಎದೆಮಟ್ಟಕ್ಕೆ ಬಂದಾಗ, ಅದರ ಹಿಂದೆ ನಿಂತ ಹಿರಿಯ ಅಧಿಕಾರಿಗಳ ಮುಖಗಳು ಬಹಳ ಚೆನ್ನಾಗಿ ಕಾಣುತ್ತವೆಂದು ಛಾಯಾಗ್ರಾಹಕರು ಅಭಿಪ್ರಾಯಪಟ್ಟರು. ಆದಕಾರಣ ಅದೇ ಎತ್ತರದಲ್ಲಿ ಫೋಟೋ ತೆಗೆದು, ಕಾರ್ಯಕ್ರಮ ಯಶಸ್ವಿಯಾಗಿದೆಯೆಂದು ಘೋಷಿಸಲಾಯಿತು. ಉಳಿದ ಗೋಡೆ ಮತ್ತು ಛಾವಣಿಯನ್ನು ಮುಂದಿನ ವರ್ಷದ ಯೋಜನೆಗೆ ಸೇರಿಸಲಾಗಿದೆ. ಅಲ್ಲಿಯವರೆಗೆ ಭರಮವ್ವ, ಆಕೆಯ ಬಾಣಂತಿ ಸೊಸೆ ಪ್ರಮಿಳಾ ಮತ್ತು ಕೂಸು ಪಕ್ಕದಲ್ಲೇ ತಾಡಪತ್ರಿಯ (ಟಾರ್ಪಾಲಿನ್) ಕೆಳಗೆ ವಾಸವಾಗಿದ್ದಾರೆ.

ಈ ನಡುವೆ, ಉಗ್ರಾಣ ವಿಭಾಗದ ಮೈಲಾರಲಿಂಗ ಮತ್ತು ಇತರ ಕೆಲವು ಸಿಬ್ಬಂದಿ ರವಿವಾರಗಳಂದು ಯಾರಿಗೂ ಹೇಳದೆ ಅಲ್ಲಿಗೆ ಹೋಗಿ ಗೋಡೆ ಏರಿಸುತ್ತಿರುವುದು ಬೆಳಕಿಗೆ ಬಂದಿತು. ಗೋಡೆ ಹೀಗೇ ಬೆಳೆದರೆ ಅಧಿಕಾರಿಗಳ ಮುಖಗಳು ಮುಚ್ಚಿಹೋಗಿ, ವಾರ್ಷಿಕ ಪುಸ್ತಿಕೆಯ ಮುಖಪುಟವೇ ಸುಳ್ಳಾಗುವ ಸಂಭವವಿತ್ತು. ಆದ್ದರಿಂದ ನೋಟಿಸು ಜಾರಿ ಮಾಡಲು ಕೆಳಸಹಿದಾರರನ್ನು ಕಳೆದ ರವಿವಾರ ಸ್ಥಳಕ್ಕೆ ಕಳುಹಿಸಲಾಯಿತು.

ಕೆಳಸಹಿದಾರರು ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಬೆಳಗಾವಿಯ ಸದಾಶಿವನಗರದ ತಮ್ಮ ಮನೆಯಿಂದ ಹೊರಟು, ದಾರಿಯುದ್ದಕ್ಕೂ ನೋಟಿಸನ್ನು ಗಟ್ಟಿ ದನಿಯಲ್ಲಿ ಓದುವುದನ್ನು ರೂಢಿ ಮಾಡಿಕೊಂಡು ದೇಸೂರು ತಲುಪಿದರು. ಅವರನ್ನು ಕಂಡ ಕೂಡಲೇ ಭರಮವ್ವ ಆಡಿದ ಮಾತನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಫೋಟೋ ಹೊಡಿಯಾಕ ಬಂದೀರೇನ್ರಿ ಸಾಹೇಬ್ರ? ಹಂಗಿದ್ರ ಸ್ವಲ್ಪ ತಡೀರಿ, ಮಾರಿ ತೊಳಕೊಂಡ ಬರ್ತೀನಿ. ಈ ಸಲ ಗ್ವಾಡಿ ಮುಂದ ನಿಂದರ್ಲೋ, ಹಿಂದ ನಿಂದರ್ಲೋ?"

ಆಕೆ ಇದನ್ನು ವ್ಯಂಗ್ಯವಾಗಿ ಕೇಳಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದರು. ಈ ಪ್ರಶ್ನೆಯನ್ನು ಕೆಳಸಹಿದಾರರು ಮುಂದಿನ ಕ್ರಮಕ್ಕಾಗಿ ಬರೆದುಕೊಂಡರು.

ತರುವಾಯ ಅವರು ಮೈಲಾರಲಿಂಗನ ಮುಂದೆ ನಿಂತು ನೋಟಿಸು ಬಿಚ್ಚಲಾಗಿ, ಸದರಿ ನೌಕರನು, "ಸರ, ಅದನ್ನ ಆಮ್ಯಾಲ ಓದೂಣು. ಮೊದಲ ಈ ಬುಟ್ಟಿ ಹಿಡೀರಿ, ಕಲಸಿದ ಸಿಮೆಂಟ ಗಟ್ಟಿ ಆಗಾಕತ್ತೈತಿ," ಎಂದನು. ಸಿಮೆಂಟು ಕಂಪನಿಯ ಆಸ್ತಿಯೋ ಅಲ್ಲವೋ ಎಂಬುದು ಇತ್ಯರ್ಥವಾಗುವ ಮೊದಲೇ ಬುಟ್ಟಿ ಕೆಳಸಹಿದಾರರ ಕೈಯಲ್ಲಿತ್ತು. ಇದರ ಬೆನ್ನಿಗೇ ಇನ್ನೊಂದು ಬಂದಿತು. ಮಧ್ಯಾಹ್ನ ಖಾನಾಪುರದ ಕಡೆಯಿಂದ ಮೋಡ ಕವಿದು ನಾಲ್ಕು ಹನಿ ಉದುರಿದಾಗ, ಪ್ರಮಿಳಾ ಕೂಸನ್ನು ಎದೆಗೊತ್ತಿಕೊಂಡು ತಾಡಪತ್ರಿಯ ತೂತಿಲ್ಲದ ಮೂಲೆಗೆ ಸರಿದದ್ದನ್ನು ಅವರು ಕಂಡರು. ಆ ಮೇಲೆ ಅವರು ಯಾರೂ ಕೊಡದಿದ್ದರೂ ತಾವಾಗಿಯೇ ಬುಟ್ಟಿ ಎತ್ತಿದರು. ಹೊತ್ತು ಮುಳುಗುವಾಗ ಗೋಡೆ ಪೂರ್ಣಗೊಂಡಿತ್ತು. ಜೇಬಿಗೆ ಮರಳಿದ ನೋಟಿಸು ಅಲ್ಲೇ ಬೆವರಿನಿಂದ ನೆನೆದು ಮುದ್ದೆಯಾಗಿದ್ದರಿಂದ ಜಾರಿಯಾಗಿರುವುದಿಲ್ಲ.

ಮೇಲ್ಕಂಡ ಅಹಿತಕರ ಬೆಳವಣಿಗೆಗಳ ಹಿನ್ನೆಲೆಯಲ್ಲಿ ಎಲ್ಲ ಸಿಬ್ಬಂದಿಗೆ ಈ ಕೆಳಗಿನಂತೆ ಸೂಚಿಸಲಾಗಿದೆ:

೧. ಬಡವರ ಬಗೆಗಿನ ಕಳಕಳಿಯನ್ನು ಕಂಪನಿ ಗೊತ್ತುಪಡಿಸಿದ ದಿನದಂದು ಮಾತ್ರ ಹೊಂದತಕ್ಕದ್ದು. ಬೇರೆ ದಿನ ಉಂಟಾದಲ್ಲಿ ಮೇಲಧಿಕಾರಿಗೆ ಲಿಖಿತವಾಗಿ ತಿಳಿಸಿ, ಮಂಜೂರಾತಿ ಬರುವವರೆಗೆ ತಡೆಹಿಡಿಯತಕ್ಕದ್ದು.

೨. ಕ್ಯಾಮೆರಾ ಇಲ್ಲದಿರುವಾಗ ಇಟ್ಟ ಇಟ್ಟಿಗೆಯನ್ನು ಇಟ್ಟಿಲ್ಲವೆಂದೇ ಪರಿಗಣಿಸಲಾಗುವುದು. ಅಂಥ ಇಟ್ಟಿಗೆಗಳಿಂದಾದ ಗೋಡೆಗೆ ಯಾರಾದರೂ ಒರಗಿದಲ್ಲಿ, ಅದು ಅವರ ಸ್ವಂತ ಜವಾಬ್ದಾರಿ.

೩. ಕಂಪನಿಯ ಗುರುತುಳ್ಳ ಟೀ-ಶರ್ಟ್ ಧರಿಸದೆ ಬೆವರುವುದನ್ನು ನಿಷೇಧಿಸಲಾಗಿದೆ.

೪. ಫಲಾನುಭವಿಗಳು ಸಿಬ್ಬಂದಿಯನ್ನು ಹುದ್ದೆಯ ಹೆಸರಿನಿಂದಲೇ ಕರೆಯತಕ್ಕದ್ದು. ಭರಮವ್ವ ಕೆಳಸಹಿದಾರರಿಗೆ, "ಏ ತಮ್ಮಾ, ದಣದಿ, ಬಾ ಇಲ್ಲೆ ಕುಂದರು, ಒಂದ ರೊಟ್ಟಿ ತಿನ್ನು," ಎಂದಿರುವುದು ಶಿಷ್ಟಾಚಾರದ ಉಲ್ಲಂಘನೆಯಾಗಿದೆ. ತಮ್ಮನ್ನು ಯಾರಾದರೂ ಹೀಗೆ ಕರೆದು ಬಹಳ ವರ್ಷಗಳಾಗಿದ್ದರಿಂದ ಕೆಳಸಹಿದಾರರಿಗೆ ತಕ್ಷಣ ಆಕ್ಷೇಪಿಸಲು ಆಗಲಿಲ್ಲ.

೫. ಸದರಿ ರೊಟ್ಟಿ, ಝುಣಕ ಹಾಗೂ ಮತ್ತೆ ಕೇಳಿ ಹಾಕಿಸಿಕೊಂಡ ಝುಣಕವನ್ನು ಸ್ಥಳ ಪರಿಶೀಲನೆಯ ಭಾಗವೆಂದು ತಿಳಿಯತಕ್ಕದ್ದು.

೬. ಮಳೆಗಾಲವು ವಿಭಾಗದ ಪೂರ್ವಾನುಮತಿ ಪಡೆದಿಲ್ಲವಾದ್ದರಿಂದ, ಛಾವಣಿಗೆ ಆತುರಪಡಲು ಆಡಳಿತಾತ್ಮಕ ಕಾರಣಗಳಿರುವುದಿಲ್ಲ.

೭. ಮುಂದಿನ ರವಿವಾರ ಬೆಳಿಗ್ಗೆ ಭರಮವ್ವನ ಮನೆಗೆ ತಗಡು ಹೊದಿಸಲು ಯಾರೂ ಹೋಗತಕ್ಕದ್ದಲ್ಲ. ಗೊಂದಲ ಉಂಟಾಗದಿರಲೆಂದು ವಿವರ ನೀಡಲಾಗಿದೆ: ಹೋಗಬಾರದ ಸ್ಥಳವು ದೇಸೂರು ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರವಿದ್ದು, ಹತ್ತಬಾರದ ಗಾಡಿ ಬೆಳಗಿನ ಪ್ಯಾಸೆಂಜರ್. ತಗಡುಗಳನ್ನು ಬಾಳಾಸಾಹೇಬ ಎಂಬುವರು ತಮ್ಮ ಟೆಂಪೋದಲ್ಲಿ ಖಾನಾಪುರದ ಪೇಟೆಯಿಂದ ಶನಿವಾರ ಸಂಜೆಯೇ ತಂದು ಇಳಿಸಬಾರದು. ಬರಬಾರದವರು ಸುತ್ತಿಗೆ ತರಬಾರದು. ಏಣಿ ಇದ್ದವರಂತೂ ಖಂಡಿತ ತರಬಾರದು. ಊಟದ ಡಬ್ಬಿಯನ್ನು ಮಾತ್ರ ನಿಜವಾಗಿಯೂ ತರುವಂತಿಲ್ಲ, ಭರಮವ್ವ ಬೈಯುತ್ತಾರೆ.

೮. ಅಂದು ಕೆಳಸಹಿದಾರರು ದೂರವಾಣಿ ಕರೆ ಸ್ವೀಕರಿಸುವುದಿಲ್ಲ. ಅವರ ಎರಡೂ ಕೈಗಳು ಖಾಲಿ ಇರುವುದಿಲ್ಲ.

ಈ ಆದೇಶವನ್ನು ಅರ್ಥಮಾಡಿಕೊಂಡವರು ಅರ್ಥವಾಯಿತೆಂದು ಮರಳಿ ಬರೆಯುವ ಅಗತ್ಯವಿಲ್ಲ.

ಸಹಿ/-
(ಗೌರೀಶ)
ಸಹಾಯಕ ವ್ಯವಸ್ಥಾಪಕರು
(ಬಲಗೈ ಊದಿಕೊಂಡಿರುವುದರಿಂದ ಎಡಗೈಯಲ್ಲಿ ಸಹಿ ಮಾಡಲಾಗಿದೆ)

ಪ್ರತಿಗಳು:

೧. ಪ್ರಧಾನ ಕಚೇರಿಗೆ, ಮಾಹಿತಿಗಾಗಿ. ಸೋಮವಾರ ತೆರೆದು ಓದಬೇಕಾಗಿ ವಿನಂತಿ.
೨. ಕಚೇರಿ ಕಡತಕ್ಕೆ.
೩. ಛಾಯಾಗ್ರಾಹಕರಿಗೆ, ಕ್ಯಾಮೆರಾ ಮನೆಯಲ್ಲೇ ಬಿಟ್ಟು ಬರದಿರಲು ಕೋರಿದೆ.
೪. ಮೈಲಾರಲಿಂಗ, ಉಗ್ರಾಣ ವಿಭಾಗ, ಇವರಿಗೆ ಕಟ್ಟುನಿಟ್ಟಿನ ಎಚ್ಚರಿಕೆಯೊಂದಿಗೆ, ಮೊಳೆಗಳ ಪೊಟ್ಟಣ ಲಗತ್ತಿಸಿ.
೫. ಶ್ರೀಮತಿ ಪ್ರಮಿಳಾ ಅವರಿಗೆ. ತೊಟ್ಟಿಲನ್ನು ಯಾವ ತೊಲೆಗೆ ಕಟ್ಟಬಾರದು ಎಂಬುದನ್ನು ರವಿವಾರ ಸಂಜೆ ಸ್ಥಳದಲ್ಲೇ ಕಟ್ಟಿ ತೋರಿಸಲಾಗುವುದು.