ಎಣ್ಣಿಗೆ ಸಾಯದ ಹುಳ

ರೈತರಿಗೆ ಬುದ್ಧಿ ಹೇಳಲು ಹೋದವನಿಗೆ ಬುದ್ಧಿ ಕಲಿಸಿ ಕಳಿಸುವುದು ನಮ್ಮ ಕಡೆ ದಿನಾ ನಡೆಯುವ ಸಂಗತಿ. ತೊಂಬತ್ತರ ದಶಕದ ಶುರುವಿನಲ್ಲಿ ನಾನು ಅಫಜಲಪುರ, ಜೇವರ್ಗಿ, ಆಳಂದ ಮೂರೂ ಕಡೆ ಕೃಷಿ ಸಹಾಯಕನಾಗಿ ತಿರುಗಿದವನು. ತೊಗರಿ ಕಾಯಿ ಕೊರೆಯುವ ಹುಳವೇ ನನ್ನ ವೈರಿ.

ಪೈಲ್ವಾನರು

ಕರಜಗಿಯ ರೈತರೊಬ್ಬರು ಒಂದು ಬೆಳಿಗ್ಗೆ ಆಫೀಸಿಗೆ ಬಂದು ಮೇಜಿನ ಮೇಲೆ ಕಡ್ಡಿಪೆಟ್ಟಿಗೆ ಇಟ್ಟರು. ತೆರೆದೆ. ದಪ್ಪನೆಯ ಹಸಿರು ಹುಳವೊಂದು ಹೊರಬಂದು ಕೀಟನಾಶಕದ ಕರಪತ್ರದ ಮೇಲೆ ಆರಾಮಾಗಿ ನಡೆಯತೊಡಗಿತು.

"ಮೂರು ಸಲ ಎಣ್ಣಿ ಹೊಡದೇನ್ರಿ. ಮೊದಲ ಇದೇ ಎಣ್ಣಿಗೆ ಪಟಪಟ ಉದುರ್ತಿದ್ವು. ಈಗ ಜಳಕಾ ಮಾಡಿದಂಗ ಮಾಡ್ತಾವ."

ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣಿ ಅಂತಲೇ ಹೆಸರು. ನಾನು ಬಿಡಿಸಿ ಹೇಳಿದೆ: "ಎಲ್ಲಾ ಹುಳ ಒಂದೇ ಥರ ಇರಂಗಿಲ್ರಿ. ಎಣ್ಣಿ ಬಿದ್ದಾಗ ಮೆತ್ತನ್ನವು ಸಾಯ್ತಾವ. ಹುಟ್ಟಾ ಗಟ್ಟಿ ಇದ್ದ ನಾಕಾರು ಉಳೀತಾವ. ಮುಂದ ತತ್ತಿ ಇಡೋದು ಅವೇ. ಮರಿಗೂ ಆ ಗಟ್ಟಿತನ ಬರ್ತದ. ವರ್ಷಾ ವರ್ಷಾ ಹಿಂಗಾದ್ರ ಹೊಲದ ತುಂಬ ಗಟ್ಟಿ ಹುಳಾನ."

ಅವರು ಹುಳವನ್ನು ಬೆರಳಿನಿಂದ ಮತ್ತೆ ಕಡ್ಡಿಪೆಟ್ಟಿಗೆಗೆ ತಳ್ಳಿದರು. "ಅಂದ್ರ ನಾವು ಪೈಲ್ವಾನರನ್ನ ಆರಿಸಿ ಆರಿಸಿ ಬೆಳಸೇವಿ ಅನ್ರಿ."

"ಹೌದ್ರಿ."

"ಛಲೋ ಆತು. ತಿನ್ನಾಕ ಖುರಾಕು ನಮ್ಮ ತೊಗರಿ, ತಾಲೀಮು ನಿಮ್ಮ ಆಫೀಸಿಂದು!"

ಕೆಂಪು ಚಿಂದಿ

ಅಂದೋಲಾದ ಹತ್ತಿರ ಒಬ್ಬ ಮುಸ್ಲಿಂ ಅಜ್ಜಿಯ ಹೊಲದಲ್ಲಿ ನೆಟೆರೋಗ ಬಿದ್ದು ತೊಗರಿ ನಿಂತಲ್ಲೇ ಒಣಗಿತ್ತು. ಅಲ್ಲೊಂದು ಇಲ್ಲೊಂದು ಹಸಿರು ಗಿಡ. ಅವಕ್ಕೆ ಮಾತ್ರ ಕೆಂಪು ಚಿಂದಿ ಕಟ್ಟಿತ್ತು. ದೃಷ್ಟಿ ತಾಗದಿರಲಿ ಎಂದಿರಬೇಕು ಅಂದುಕೊಂಡು, "ಖಾಲಾ, ಚಿಂದಿಗೆ ರೋಗ ಹೆದರಂಗಿಲ್ರಿ," ಎಂದು ನಕ್ಕೆ.

"ರೋಗಕ್ಕಲ್ರಿ ಸಾಬ್, ಕೊಯ್ಯೋರಿಗೆ ನಿಶಾನಿ. ಎಲ್ಲಾ ಸತ್ರೂ ಇವು ನಿಂತಾವಲ್ಲ, ಇವುಗಳ ಬೀಜಾನ ಮುಂದಿನ ವರ್ಷ ಬಿತ್ತತೇನಿ. ಬಾಜೂ ಹೊಲದವ್ರೂ ಕೇಳ್ಯಾರ."

ನನಗೆ ಮೈಯೆಲ್ಲ ಉತ್ಸಾಹ. ರೋಗ ಹೇಗೆ ಗಿಡಗಳನ್ನು ಜರಡಿ ಹಿಡಿಯುತ್ತದೆ, ಉಳಿದದ್ದರ ಗುಣ ಹೇಗೆ ಸಂತತಿಗೆ ಇಳಿಯುತ್ತದೆ ಎಂದು ಅರ್ಧ ಗಂಟೆ ವಿವರಿಸಿದೆ. ಆಕೆ ತಾಳ್ಮೆಯಿಂದ ಕೇಳಿ, "ಇಷ್ಟು ಕಲಿಯಾಕ ಎಷ್ಟು ವರ್ಷ ಬೇಕಾತ್ರಿ?" ಎಂದಳು.

"ಮೂರು ವರ್ಷ, ಖಾಲಾ."

"ಅರೆ ಅಲ್ಲಾ! ನನ್ನ ಕೇಳಿದ್ರ ಒಂದು ಮುಂಜಾನ್ಯಾಗ ಹೇಳ್ತಿದ್ದೆ."

ತಂಬಿಗೆ ಹಾಲು

ಆಳಂದದ ಕಡೆ ಯಾರ ಮನೆಗೆ ಹೋದರೂ ತಂಬಿಗೆ ತುಂಬ ಎಮ್ಮೆ ಹಾಲು. ಬ್ಯಾಡ ಅಂದರೆ ಮುನಿಸು, ಕುಡಿದರೆ ನನ್ನ ಹೊಟ್ಟೆ ಕೇಳುತ್ತಿರಲಿಲ್ಲ. ಒಂದು ಮನೆಯಲ್ಲಿ ಎರಡು ಸಲ ಹಿತ್ತಲ ಕಡೆ ಓಡಿದ ಮೇಲೆ ಹಿರಿಯ ಗೌಡರಿಗೆ ನಿಜ ಹೇಳಿಬಿಟ್ಟೆ: "ದೊಡ್ಡವರಾದ ಮ್ಯಾಲೆ ಎಲ್ಲಾರಿಗೂ ಹಾಲು ಅರಗಂಗಿಲ್ರಿ. ಸಾವಿರಾರು ವರ್ಷ ದನ ಸಾಕಿದ ಮಂದಿಯೊಳಗ ಅರಗಿಸಿಕೊಂಡವರು ಗಟ್ಟಿ ಉಳಿದು, ಅವರ ಮಕ್ಕಳು ಹೆಚ್ಚಾದ್ರು ಅಂತಾರ. ನಮ್ಮ ವಂಶಕ್ಕ ಆ ಗುಣ ಬಂದಿಲ್ಲ."

ಗೌಡರು ಗಂಭೀರವಾಗಿ ತಲೆಯಾಡಿಸಿ ಒಳಗೆ ಕೂಗಿದರು: "ಏ ಬೇ, ಸಾಹೇಬ್ರಿಗೆ ಮಜ್ಜಿಗಿ ತಾ. ಪಾಪ, ಅವರ ಮುತ್ತ್ಯಾ ಎಮ್ಮಿ ಕಟ್ಟಿದ್ದಿಲ್ಲಂತ!"

ಅಲುಗಾಟ

ಒಂದು ವರ್ಷ ನೆಲೋಗಿಯಲ್ಲಿ ಹುಳ ಯಾವ ಎಣ್ಣಿಗೂ ಬಗ್ಗಲಿಲ್ಲ. ತುಂಬಿ ನಿಂತ ಕಾಯಿ ಕಣ್ಣೆದುರೇ ತೂತಾಗುತ್ತಿತ್ತು. ಊರಿಗೆ ಊರೇ ಕಂಗಾಲು. ಕಡೆಗೆ ನಾನು, "ಎಣ್ಣಿ ಬಿಡ್ರಿ, ಗಿಡ ಅಲುಗಿಸ್ರಿ," ಎಂದೆ. ನಕ್ಕವರೇ ಹೆಚ್ಚು. ಗಂಡಹೆಂಡತಿ ಇಬ್ಬರು ಮಾತ್ರ ಮುಂದೆ ಬಂದರು. ಗಂಡ ಗಿಡ ಬಗ್ಗಿಸಿ ಅಲುಗಿಸಿದ, ಹೆಂಡತಿ ಕೆಳಗೆ ಚಾದರ ಹಿಡಿದಳು. ಹುಳ ರಾಶಿರಾಶಿ ಬಿದ್ದವು! ಆಕೆ ಮನೆಯ ಕೋಳಿಗಳನ್ನೂ ತಂದುಬಿಟ್ಟಳು. ಮರುದಿನ ಊರೆಲ್ಲ ಚಾದರ ಹಿಡಿದು ಹೊಲಕ್ಕಿಳಿಯಿತು. ಆ ವರ್ಷದ ತೊಗರಿ ಕೈಗೆ ಬಂತು.

ಆದರೆ ಅಲುಗಾಟದ ಮೂರನೇ ದಿನವೇ ಗಂಡ ಕೈ ನಿಲ್ಲಿಸಿ ನನ್ನನ್ನು ನೋಡಿದ. "ಸಾಹೇಬ್ರ, ಒಂದು ಮಾತು. ಸಡಲ್ ಹಿಡದ ಹುಳ ಬೀಳಾಕತ್ತಾವ. ಬಿಗಿ ಹಿಡದವು ಗಿಡದಾಗ ಉಳಿಯಾಕತ್ತಾವ. ತತ್ತಿ ಇಡೋದೂ ಅವೇ. ನಾಳೆ ಹೊಲದ ತುಂಬ ಬಿಗಿ ಹಿಡಿಯೋ ಹುಳ ಆದ್ರ?"

ಹೆಂಡತಿಯೇ ಉತ್ತರ ಕೊಟ್ಟಳು: "ಅಷ್ಟೊತ್ತಿಗೆ ಹಾರಿ ತಿನ್ನೋ ಕೋಳಿ ಹುಟ್ಟಿರ್ತಾವ ಬಿಡ್ರಿ."

ಅಷ್ಟರಲ್ಲಿ ಕೆಂಪು ಹ್ಯಾಟೆ ಕೋಳಿಯೊಂದು ಚಂಗನೆ ಜಿಗಿದು, ಕಾಯಿಗೆ ಕಚ್ಚಿಕೊಂಡಿದ್ದ ಹುಳವನ್ನು ಕುಕ್ಕಿ ನುಂಗಿತು.

ಆಕೆ ಚಾದರ ಬಿಟ್ಟು ಚಪ್ಪಾಳೆ ತಟ್ಟಿದಳು: "ನೋಡ್ರಿ, ಅನ್ನೂದ್ರಾಗ ಹುಟ್ಟೇ ಬಿಡ್ತು!"