ಖಂಡಕ್ಕೆ ಎಷ್ಟು ಜೊತೆ ಕಾಲು?

ಭಾನುವಾರ ಬೆಳಿಗ್ಗೆ ಬೆನ್ನುಮೂಳೆಯಿಲ್ಲದ ಪ್ರಾಣಿಗಳ ಅಧ್ಯಾಯವನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಆಕಳಿಸುತ್ತಿದ್ದೆ. ಬಚ್ಚಲಿನಿಂದ ಅತ್ತೆಯವರ ಕೂಗು ಕೇಳಿತು.

ನಾನು ಇತಿಹಾಸದ ಮೇಷ್ಟ್ರು. ಜೀವಶಾಸ್ತ್ರದ ಮೇಡಂ ಹೆರಿಗೆ ರಜೆಗೆ ಹೋದದ್ದರಿಂದ ಆ ಪಾಠವೂ ನನ್ನ ಹೆಗಲಿಗೆ ಬಿದ್ದಿತ್ತು. ಸೋಮವಾರ ನನ್ನ ಮೊದಲ ಪಾಠ ಕೇಳಲು ಹೆಡ್‌ಮಾಸ್ಟರೇ ಬಂದು ಕೂರುವವರಿದ್ದರು. "ಸಾಮ್ರಾಜ್ಯಗಳನ್ನೇ ಅರೆದು ಕುಡಿದವನಿಗೆ ಹುಳಹುಪ್ಪಟೆ ಯಾವ ಲೆಕ್ಕ!" ಎಂದು ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಂಡಿದ್ದೆ. ಅಂದಿನಿಂದ ನೆಟ್ಟಗೆ ನಿದ್ದೆಯಿಲ್ಲ.

ಅತ್ತೆ ಟವೆಲು ಹಿಡಿದು ಸ್ಟೂಲಿನ ಮೇಲೆ ನಿಂತಿದ್ದರು. ಬಕೆಟ್ಟಿನ ಪಕ್ಕ ಬೆರಳುದ್ದದ ಪ್ರಾಣಿಯೊಂದು ಹರಿದಾಡುತ್ತಿತ್ತು.

"ಅಳಿಯಂದ್ರೇ, ಜರಿ! ಚಪ್ಪಲಿ ತನ್ನಿ!"

"ಚಪ್ಪಲಿ ಯಾಕೆ ಅತ್ತೆ? ಸಹಸ್ರಪದಿ ಅದು. ಪಾಪದ್ದು, ಕಚ್ಚಲ್ಲ."

"ಅದೇ ಬಂದು ನಿಮ್ಗೆ ಹೇಳ್ತಾ?" ಎಂದಳು ಹಿಂದಿನಿಂದ ಹೆಂಡತಿ.

"ಪುಸ್ತಕ ಹೇಳುತ್ತೆ. ಮೈಯ ಒಂದೊಂದು ಖಂಡಕ್ಕೆ ಎರಡು ಜೊತೆ ಕಾಲಿದ್ರೆ ಸಹಸ್ರಪದಿ, ಸಾಧು. ಒಂದೇ ಜೊತೆ ಇದ್ರೆ ಶತಪದಿ, ವಿಷ."

"ಇದಕ್ಕೆಷ್ಟಿದೆ?"

"ಎರಡು."

"ಎಣಿಸಿದ್ರಾ?"

"ಎಣಿಸೋದೇನು, ಕಂಡ್ರೇ ಗೊತ್ತಾಗುತ್ತೆ."

"ಸರಿ, ಹೆಡ್‌ಮಾಸ್ಟರ್ ಎದುರಿಗೂ ಹಾಗೇ ಹೇಳಿ."

ಮಾತು ನಾಟಿತು. ಶಾಸ್ತ್ರವನ್ನು ಪ್ರಯೋಗದಿಂದಲೇ ಸ್ಥಾಪಿಸುವುದಾಗಿ ಘೋಷಿಸಿ, ಕನ್ನಡಕ ಏರಿಸಿ, ಒದ್ದೆ ನೆಲದ ಮೇಲೆ ಮಂಡಿಯೂರಿದೆ. ಪ್ರಾಣಿ ಒಂದೆಡೆ ನಿಲ್ಲದು. ಎಣಿಸಲು ಅನುಕೂಲವಾಗಲೆಂದು ಬಲಗೈಯ ತೋರುಬೆರಳನ್ನು ಅದರ ದಾರಿಗೆ ಅಡ್ಡ ಇಟ್ಟೆ. ನಿಂತಿತು! ಬಗ್ಗಿ ನೋಡಿದೆ. ಮೊದಲ ಖಂಡಕ್ಕೆ ಒಂದು ಜೊತೆ. ಮುಂದಿನದಕ್ಕೂ ಒಂದು ಜೊತೆ. ಅದರ ಮುಂದಿನದಕ್ಕೆ...

"ಅಯ್ಯಯ್ಯೋ!"

"ಎಷ್ಟಂತೆ?" ಎಂದರು ಅತ್ತೆ, ಸ್ಟೂಲಿನ ಮೇಲಿನಿಂದಲೇ.

"ಒಂದೇ ಜೊತೆ!"

ಹೆಂಡತಿ ಪ್ರಾಣಿಯ ಮೇಲೆ ಚೊಂಬು ಕವುಚಿ, ನನ್ನನ್ನು ಡಾಕ್ಟರ ಬಳಿಗೆ ಕರೆದೊಯ್ದಳು.

"ಏನು ಕಚ್ಚಿದ್ದು?" ಎಂದರು ಡಾಕ್ಟರು.

"ಅಕಶೇರುಕ. ಸಂಧಿಪದಿ ವಂಶ. ಶತಪದಿ ವರ್ಗ," ಎಂದೆ, ಹಲ್ಲು ಕಚ್ಚಿಕೊಂಡು.

ಅವರು ತಲೆಯೆತ್ತದೆ 'ಕೀಟ ಕಡಿತ' ಎಂದು ಬರೆದರು. ಕೀಟಕ್ಕೆ ಆರೇ ಕಾಲು. ಶತಪದಿ ಕೀಟವೇ ಅಲ್ಲ. ಆದರೆ ತಿದ್ದುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ.

ಬೆರಳು ಬದನೆಕಾಯಿಯಂತೆ ಊದಿದೆ, ಸೀಮೆಸುಣ್ಣ ಹಿಡಿಯಲು ಬರುವುದಿಲ್ಲ. ಹೆಡ್‌ಮಾಸ್ಟರಿಗೆ ಹೆಂಡತಿಯೇ ಫೋನು ಮಾಡಿದಳು. ನಾಳೆಯ ಪಾಠವನ್ನು ಡ್ರಾಯಿಂಗ್ ಮೇಷ್ಟ್ರು ಮಾಡುತ್ತಾರೆ.