ಎಲ್ಲರೂ ನಕ್ಕ ಫೋಟೋ

ಬೇಸಿಗೆ ಶಿಬಿರದಲ್ಲಿ ಮಕ್ಕಳು ಸುಖವಾಗಿಯೇ ಇದ್ದರು. ಅಪ್ಪ ಅಮ್ಮಂದಿರ ನಿದ್ದೆ ಕೆಡಿಸಿದ್ದು ಮಕ್ಕಳ ಫೋಟೋ.

ಅದನ್ನು ತೆಗೆದ ಮಹಾನುಭಾವ ಅರ್ಧ ಆಯುಷ್ಯವನ್ನು ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಲೇ ಕಳೆದವನು. "ಗಲ್ಲ ಕೆಳಗೆ, ಕಿವಿ ಕಾಣಲಿ, ನಗಬೇಡಿ" ಎನ್ನುವುದು ಅವನ ನಾಲಿಗೆಗೆ ಅಂಟಿಕೊಂಡ ಮಾತು. ಜನ ಫೋನಿನಲ್ಲೇ ಫೋಟೋ ತೆಗೆದುಕೊಳ್ಳತೊಡಗಿದ ಮೇಲೆ ಅವನಿಗೆ ನೊಣ ಹೊಡೆಯುವುದೇ ಕೆಲಸವಾಗಿತ್ತು. ಹೆಂಡತಿಯೇ ಓಡಾಡಿ ಈ ಶಿಬಿರದ ಕೆಲಸ ಕೊಡಿಸಿ, "ಇದನ್ನಾದ್ರೂ ಉಳಿಸ್ಕೊಳ್ಳಿ" ಎಂದು ಕಳಿಸಿದ್ದಳು. ಶಿಬಿರದಲ್ಲಿ ಮಕ್ಕಳಿಗೆ ಫೋನು ನಿಷಿದ್ಧ. ಅವರು ಹೇಗಿದ್ದಾರೆಂದು ಮನೆಯವರಿಗೆ ತಿಳಿಯುವುದು ದಿನಕ್ಕೊಂದು ಗುಂಪು ಫೋಟೋದಿಂದ ಮಾತ್ರ.

ಮೊದಲ ದಿನದ ಫೋಟೋದಲ್ಲಿ ಅಷ್ಟೂ ಮಕ್ಕಳು ಗಲ್ಲ ಇಳಿಸಿ, ಕಿವಿ ತೋರಿಸಿ, ಜೈಲಿಗೆ ಹೊರಟವರಂತೆ ನಿಂತಿದ್ದರು. ಮಾರನೆಯ ಬೆಳಗ್ಗೆ ಆಫೀಸಿನ ಫೋನು ಬಡಿದುಕೊಳ್ಳತೊಡಗಿತು.

"ಏನ್ರೀ ಇದು?" ಶಿಬಿರ ನಡೆಸುವ ಮೇಡಂ ಅವನನ್ನು ಕರೆಸಿ ಕೇಳಿದರು. "ಒಬ್ಬರು ಊಟ ಹಾಕ್ತಿಲ್ವಾ ಅಂತಾರೆ, ಇನ್ನೊಬ್ಬರು ಹೊಡೀತೀರಾ ಅಂತಾರೆ. ಒಬ್ಬ ತಂದೆಯಂತೂ ನಾಳೆನೇ ಬಂದು ಮಗಳನ್ನ ಕರ್ಕೊಂಡು ಹೋಗ್ತಾರಂತೆ. ಒಂದು ಕುರಿ ಹೊರಟ್ರೆ ಇಡೀ ಮಂದೆ ಹೊರಡತ್ತೆ. ಸಂಜೆಯೊಳಗೆ ಎಲ್ಲರೂ ನಗ್ತಿರೋ ಫೋಟೋ ಹೋಗ್ಬೇಕು. ಒಂದು ಮುಖ ಸಪ್ಪಗಿದ್ರೂ ನೀವು ಗಂಟುಮೂಟೆ ಕಟ್ಟಿ."

ಅವನು ಮಕ್ಕಳನ್ನು ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ, "ನಗ್ರಪ್ಪಾ, ನಗ್ರಮ್ಮಾ" ಎಂದು ಅಂಗಲಾಚಿದ. ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದಂತೆ ಎಲ್ಲರೂ ಹಲ್ಲು ತೋರಿಸಿದರು. ತನಗೆ ಗೊತ್ತಿದ್ದ ಒಂದೇ ಒಂದು ಜೋಕು ಹೇಳಿದ. "ಇದು ನಮ್ಮಜ್ಜಂಗೂ ಗೊತ್ತು ಮಾಮ" ಎಂದಿತು ಹಿಂದಿನ ಸಾಲು.

ಡ್ರಿಲ್ ಮೇಷ್ಟ್ರು ಸುಮ್ಮನಿರಲಾರದೆ ಬಂದರು. "ಸಾರ್, ನಗೋಕೂ ಶಿಸ್ತು ಬೇಕು. ನಾನು ಸೀಟಿ ಊದ್ತೀನಿ, ಎಲ್ಲ ಒಟ್ಟಿಗೆ ನಗ್ತಾರೆ ನೋಡಿ."

ಸೀಟಿ ಊದಿದ್ದೇ ತಡ, ಮಕ್ಕಳು ಅಭ್ಯಾಸಬಲದಿಂದ ಮೈದಾನ ಸುತ್ತಲು ಓಡಿದರು. ಅವರನ್ನು ಮತ್ತೆ ಒಟ್ಟುಗೂಡಿಸುವಷ್ಟರಲ್ಲಿ ಅವನ ಬೆವರು ಹಿಮ್ಮಡಿಗೆ ಇಳಿದಿತ್ತು.

"ಹಸಿದ ಹೊಟ್ಟೇಲಿ ಯಾರಣ್ಣಾ ನಗ್ತಾರೆ? ಮೊದ್ಲು ಊಟ ಆಗ್ಲಿ" ಎಂದಳು ಅಡುಗೆಯಕ್ಕ. ಊಟವಾಯಿತು. ಅರ್ಧದಷ್ಟು ಮಕ್ಕಳು ಆಕಳಿಸಿದರು, ಉಳಿದವರು ಕೂತಲ್ಲೇ ತೂಕಡಿಸಿದರು.

ಬಿಸಿಲು ಇಳಿಯುವ ಹೊತ್ತಿಗೆ ಹೇಗೋ ಒಬ್ಬಳನ್ನು ಬಿಟ್ಟು ಉಳಿದವರೆಲ್ಲ ನಗುವ ಹದಕ್ಕೆ ಬಂದರು. ಆ ಒಬ್ಬಳನ್ನು ಮಕ್ಕಳು ಜಡ್ಜಮ್ಮ ಎನ್ನುತ್ತಿದ್ದರು. ಕರೆದುಕೊಂಡು ಹೋಗುತ್ತೇನೆ ಎಂದಿದ್ದ ತಂದೆಯ ಮಗಳು ಅವಳೇ.

"ನಗಮ್ಮಾ, ಇಲ್ಲಾಂದ್ರೆ ನಾಳೆ ನಿಮ್ಮಪ್ಪ ಬಂದ್ಬಿಡ್ತಾರೆ."

"ನಂಗೆ ಹೋಗಕ್ಕೆ ಇಷ್ಟ ಇಲ್ಲ ಮಾಮ. ಆದ್ರೆ ನಗು ಬರ್ತಿಲ್ಲ, ಏನ್ ಮಾಡ್ಲಿ?"

ಅವನಿಗೆ ಅಯ್ಯೋ ಎನ್ನಿಸಿತು. ನಗು ಬರದ ಸಂಕಟ ಆ ಹೊತ್ತಿನಲ್ಲಿ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಕೊಳದ ಹತ್ತಿರ ಬೆಳಕು ಚೆನ್ನಾಗಿದೆಯೆಂದು ಎಲ್ಲರನ್ನೂ ಅಲ್ಲಿಗೆ ಹೊರಡಿಸಿದ. ಮಕ್ಕಳನ್ನು ನೀರಿಗೆ ಮುಖ ಮಾಡಿ ನಿಲ್ಲಿಸಿ, ಕ್ಯಾಮೆರಾಕ್ಕೆ ಕಣ್ಣಿಟ್ಟ. ಎರಡೂ ತುದಿಯ ಮಕ್ಕಳು ಚೌಕಟ್ಟಿನೊಳಗೆ ಬರಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದ. ಇನ್ನೊಂದು ಸರಿದ. ಮೂರನೆಯದಕ್ಕೆ ನೆಲವೇ ಇರಲಿಲ್ಲ.

ದಬಾರ್! ಸೊಂಟದವರೆಗಿನ ನೀರಿನಲ್ಲಿ ಮುಳುಗಿ ಎದ್ದವನ ತಲೆಯ ಮೇಲೆ ಪಾಚಿ, ಮೇಲೆತ್ತಿದ ಕೈಯಲ್ಲಿ ಕ್ಯಾಮೆರಾ. ದಂಡೆಯ ಮೇಲೆ ನಗು ಸ್ಫೋಟಿಸಿತು. ಜಡ್ಜಮ್ಮ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತು, "ಇನ್ನೊಂದ್ಸಲ ಮಾಮ, ಇನ್ನೊಂದ್ಸಲ!" ಎಂದು ಕೂಗಿದಳು. ನೋಡಲು ಬಂದು ಪಕ್ಕದಲ್ಲಿ ನಿಂತಿದ್ದ ಅಡುಗೆಯಕ್ಕ ತನ್ನ ಫೋನಿನಲ್ಲಿ ಅವನನ್ನೂ ಸೇರಿಸಿ ಎಲ್ಲರನ್ನೂ ಸೆರೆಹಿಡಿದಳು.

ಮೇಡಂ ಆ ಫೋಟೋವನ್ನೇ ಮನೆಗಳಿಗೆ ಕಳಿಸಿದರು. ಮತ್ತೆ ಫೋನುಗಳ ಸುರಿಮಳೆ. ಈ ಸಲ ಎಲ್ಲವೂ ಹೊಗಳಿಕೆ! ಜಡ್ಜಮ್ಮನ ತಂದೆಯೂ ಬರುವುದಿಲ್ಲವೆಂದರು. ಮಕ್ಕಳು ಅವನ ಒದ್ದೆ ಅಂಗಿ ಹಿಡಿದೆಳೆದು ಮೈದಾನದ ತುಂಬ ಮೆರವಣಿಗೆ ಮಾಡಿದರು, ಡ್ರಿಲ್ ಮೇಷ್ಟ್ರು ಸೀಟಿ ಊದುತ್ತ ಮುಂದೆ ನಡೆದರು. ಅವನು ಹೆಂಡತಿಗೆ ಫೋನು ಮಾಡಿ, "ಗೆದ್ದೆ ಕಣೇ, ಕೆಲಸ ಉಳೀತು!" ಎಂದ. ಇಷ್ಟು ಎತ್ತರದ ದನಿ ಅವನ ಗಂಟಲಲ್ಲಿದೆ ಎಂದು ಅವಳಿಗೂ ಗೊತ್ತಿರಲಿಲ್ಲ.

ಎದೆಯುಬ್ಬಿಸಿಕೊಂಡೇ ಆಫೀಸಿಗೆ ಹೋದ.

"ಭೇಷ್ ಕಣ್ರೀ" ಎಂದರು ಮೇಡಂ. "ಶಿಬಿರ ಮುಗಿಯೋವರೆಗೂ ನೀವಿಲ್ಲೇ ಇರ್ಬೇಕು. ಮನೆಯವರಿಗೆ ದಿನಾ ಇಂಥದೇ ಫೋಟೋ ಬೇಕಂತೆ. ಆಟ ಆದ್ಮೇಲೆ ನೀವು ಕೊಳಕ್ಕೆ ಬೀಳೋದು ಅಂತ ವೇಳಾಪಟ್ಟೀಲಿ ಹಾಕ್ಸಿದೀನಿ. ಕ್ಯಾಮೆರಾ ತರಬೇಡಿ, ಫೋಟೋ ಅಡುಗೆಯಕ್ಕ ತೆಗೀತಾರೆ."

ಅವನು ಕ್ಯಾಮೆರಾವನ್ನು ಎದೆಗವಚಿಕೊಂಡು ಬಾಗಿಲತ್ತ ತಿರುಗಿದ.

"ಹಾಂ, ಒಂದೇ ಒಂದು ದೂರು ಬಂದಿದೆ. ನೀರಲ್ಲಿರೋರ ಮುಖ ಮಾತ್ರ ಸಪ್ಪಗಿದೆಯಂತೆ. ನಾಳೆ ಬೀಳುವಾಗ ಸ್ವಲ್ಪ ನಗ್ರಿ."